ರಿಪೋರ್ಟ್ ನಾರ್ಮಲ್, ಮಗಳು ಮಾತ್ರ ಸೊರಗುತ್ತಿದ್ದಾಳೆ

ಎಮ್ಮೆದೊಡ್ಡಿ ಸುತ್ತಿನ ಊರುಗಳಲ್ಲಿ ಹೈಸ್ಕೂಲೋ ಪಿಯುಸಿಯೋ ಓದುವ ಹುಡುಗಿ ಊಟ ಬಿಟ್ಟು ಸೊರಗತೊಡಗಿದರೆ ಮೊದಲು ದೃಷ್ಟಿ ತೆಗೆಯುವುದುಂಟು. ಆಮೇಲೆ ಕಡೂರಿಗೋ ತರೀಕೆರೆಗೋ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ಇಎಸ್‌ಆರ್, ಸಿಆರ್‌ಪಿ ಎರಡೂ ಮಿತಿಯೊಳಗಿದ್ದರೆ ‘ಇನ್ಫೆಕ್ಷನ್ ಏನೂ ಇಲ್ವಂತೆ, ಎಲ್ಲಾ ನಾರ್ಮಲ್’ ಎಂದು ಮನೆ ಸಮಾಧಾನಗೊಳ್ಳುತ್ತದೆ. ನನಗೆ ಕಳವಳ ಹುಟ್ಟಿಸುವುದು ಈ ಸಮಾಧಾನವೇ.

ರಕ್ತದಲ್ಲಿ ಉರಿಯೂತ ಕಾಣದಿದ್ದರೆ ಮೈಗೆ ಅಪಾಯವಿಲ್ಲ ಎಂಬ ನಂಬಿಕೆ ಬಲವಾಗಿದೆ. ಇಎಸ್‌ಆರ್ ಎಂದರೆ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದ ರಕ್ತದಲ್ಲಿ ಕೆಂಪು ಕಣಗಳು ಒಂದು ಗಂಟೆಗೆ ಎಷ್ಟು ಮಿಲಿಮೀಟರ್ ಕೆಳಗಿಳಿಯುತ್ತವೆ ಎಂಬ ಅಳತೆ. ಉರಿಯೂತವಿದ್ದಾಗ ಯಕೃತ್ತು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಅದರಿಂದ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಸಿಆರ್‌ಪಿ ಕೂಡ ಯಕೃತ್ತಿನ ತಯಾರಿಕೆಯೇ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿರುವ ದೇಹದಲ್ಲಿ ಇಂಥ ಪ್ರೋಟೀನುಗಳ ತಯಾರಿಕೆ ತಗ್ಗುತ್ತದೆ. ಊಟ ತ್ಯಜಿಸಿ ಕೃಶರಾಗುವ ಅನೊರೆಕ್ಸಿಯಾ ನರ್ವೋಸಾ ಕಾಯಿಲೆಯಲ್ಲಿ ಇಎಸ್‌ಆರ್ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಸಿಆರ್‌ಪಿ ಆರೋಗ್ಯವಂತರಿಗಿಂತಲೂ ಕೆಳಗಿರುವುದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡುಬಂದಿದೆ. ಇಎಸ್‌ಆರ್ ತೀರಾ ಏರಿದ್ದರೆ ವೈದ್ಯರು ಕ್ಷಯ, ಕರುಳಿನ ಉರಿಯೂತದಂಥ ಬೇರೆ ಕಾರಣ ಹುಡುಕುತ್ತಾರೆ. ಎಂದರೆ, ಚೀಟಿಯಲ್ಲಿನ ಸಣ್ಣ ಅಂಕಿ ಮಗು ಚೆನ್ನಾಗಿದೆ ಎಂದು ಹೇಳುತ್ತಿಲ್ಲ.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ತೊಡಕೂ ಇದೆ. ಕರ್ನಾಟಕದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ; ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುವುದು ಅದಕ್ಕೇ. ರಕ್ತಹೀನತೆ ಒಂದೇ ಇಎಸ್‌ಆರ್ ಏರಿಸಬಲ್ಲದು. ಹಸಿವು ಇಳಿಸುತ್ತದೆ, ರಕ್ತಹೀನತೆ ಏರಿಸುತ್ತದೆ. ನಡುವೆ ಬಂದು ನಿಂತ ‘ನಾರ್ಮಲ್’ ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು.

ಜ್ವರದ ಕಥೆಯೂ ಹೀಗೇ. ತೀವ್ರ ಹಸಿವಿನಲ್ಲಿ ಅಸ್ಥಿಮಜ್ಜೆ ಸೊರಗಿ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ, ಮೈ ತಣ್ಣಗಿರುತ್ತದೆ. ಸೋಂಕು ತಗುಲಿದರೂ ಜ್ವರ ಕಾಣಿಸಿಕೊಳ್ಳದೇ ಹೋಗಬಹುದು.

‘ಹಾಗಾದರೆ ಇದು ರೋಗನಿರೋಧಕ ಶಕ್ತಿಯ ಕಾಯಿಲೆ, ಉರಿಯೂತ ಇಳಿಸಿದರೆ ಹಸಿವು ಬರುತ್ತದೆ’ ಎನ್ನುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯದ ಎಳೆಯೊಂದಿದೆ. ಅನೊರೆಕ್ಸಿಯಾ ಇರುವವರಲ್ಲಿ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಸಂದೇಶವಾಹಕಗಳು ಹೆಚ್ಚಿರುವುದನ್ನು ಕೆಲವು ಅಧ್ಯಯನಗಳು ಕಂಡಿವೆ, ಕೆಲವು ಕಂಡಿಲ್ಲ. ಡೆನ್ಮಾರ್ಕಿನಲ್ಲಿ 5 ಲಕ್ಷಕ್ಕೂ ಹೆಚ್ಚು ಹುಡುಗಿಯರ ದಾಖಲೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಬಾಲ್ಯದಲ್ಲಿ ತೀವ್ರ ಸೋಂಕಿನಿಂದ ಆಸ್ಪತ್ರೆ ಸೇರಿದವರಲ್ಲಿ ಮುಂದೆ ಇಂಥ ಕಾಯಿಲೆಗಳು ತುಸು ಹೆಚ್ಚು ಎಂದಿತು. ನಂಟು ಇದೆ, ಅದೇ ಕಾರಣವೆಂದು ಸಾಬೀತಾಗಿಲ್ಲ. ಈ ಸಂದೇಶವಾಹಕಗಳ ಮಟ್ಟ ನೋಡಿ ಕಾಯಿಲೆ ಗುರುತಿಸುವ ಪರೀಕ್ಷೆ ಇಲ್ಲ. ಅರಿಶಿನದ ಹಾಲಿನಿಂದಲೋ ಆಂಟಿಬಯಾಟಿಕ್‌ನಿಂದಲೋ ಇದು ವಾಸಿಯಾಗುವುದಿಲ್ಲ.

ಇನ್ನು ‘ಇದು ಬೆಂಗಳೂರಿನ ಹುಡುಗಿಯರ ಚಾಳಿ, ನಮ್ಮ ಕಡೆ ಇಲ್ಲ’ ಎಂಬ ಮಾತು. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಮನೋವೈದ್ಯರ ಸಮೀಕ್ಷೆಯಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ಒಬ್ಬ ರೋಗಿಯನ್ನಾದರೂ ನೋಡಿರುವುದಾಗಿ ಹೇಳಿದ್ದರು. ಮೈಸೂರಿನಲ್ಲಿ 15ರಿಂದ 25 ವರ್ಷದ 1,600 ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟಾಗ ಸುಮಾರು ಕಾಲು ಭಾಗದವರಲ್ಲಿ ಊಟದ ಬಗ್ಗೆ ಅಸಹಜ ಧೋರಣೆ ಕಂಡಿತು. ಅವರೆಲ್ಲ ರೋಗಿಗಳಲ್ಲ, ಆದರೂ ಕಡೆಗಣಿಸುವ ಸಂಖ್ಯೆಯಲ್ಲ. ಹುಡುಗರಿಗೂ ಇದು ಬರುತ್ತದೆ.

ನಮ್ಮಲ್ಲಿ ಇದು ಬೇರೆ ವೇಷದಲ್ಲಿ ಬರಬಹುದು. ದೆಹಲಿಯ ಏಮ್ಸ್ ವೈದ್ಯರು 1995ರಲ್ಲಿ ವರದಿ ಮಾಡಿದ ಐವರು ಯುವತಿಯರು ಬಂದದ್ದು ಊಟ ನಿರಾಕರಣೆ, ವಾಂತಿ, ತೂಕ ಇಳಿತ, ಮುಟ್ಟು ನಿಂತಿರುವ ತೊಂದರೆಗಳೊಂದಿಗೆ. ತಮ್ಮ ಮೈಯ ಆಕಾರವನ್ನು ತಪ್ಪಾಗಿ ಕಾಣುವ, ಪಾಶ್ಚಾತ್ಯ ಪುಸ್ತಕಗಳು ವರ್ಣಿಸುವ ಲಕ್ಷಣ ಅವರಲ್ಲಿರಲಿಲ್ಲ. ‘ದಪ್ಪ ಆಗ್ತೀನಿ’ ಎಂದು ಹುಡುಗಿ ಬಾಯಿಬಿಟ್ಟು ಹೇಳದಿದ್ದರೆ ಮನೆಯವರು ಹೊಟ್ಟೆಯ ಕಾಯಿಲೆ ಅಂದುಕೊಂಡು ಇನ್ನೊಂದು ರಕ್ತ ಪರೀಕ್ಷೆಗೆ ಹೊರಡುತ್ತಾರೆ.

ರಿಪೋರ್ಟಿಗಿಂತ ಮೊದಲು ತಟ್ಟೆ ನೋಡಿ. ಮನೆಯಲ್ಲಿ ‘ಶಾಲೆಯಲ್ಲೇ ಬಿಸಿಯೂಟ ಆಯ್ತು’, ಶಾಲೆಯಲ್ಲಿ ‘ಮನೆಯಲ್ಲೇ ತಿಂದು ಬಂದೆ’ ಎನ್ನುವುದು, ಸೋಮವಾರದ ಒಪ್ಪತ್ತು ಗುರುವಾರಕ್ಕೂ ಶನಿವಾರಕ್ಕೂ ಹಬ್ಬುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗುವುದು, ಕೈಕಾಲು ಸದಾ ತಣ್ಣಗಿರುವುದು, ಮುಟ್ಟು ನಿಲ್ಲುವುದು ಗಮನಕ್ಕೆ ಬಂದರೆ ತಡ ಮಾಡಬೇಡಿ. ತೂಕ ಕಳೆದುಕೊಂಡ ಮಗುವಿನ ನಾಡಿ ಹಗಲು ಎಚ್ಚರವಿದ್ದಾಗಲೇ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಅಥವಾ ಮಗು ತಲೆಸುತ್ತಿ ಬಿದ್ದರೆ ಆಸ್ಪತ್ರೆಯಲ್ಲಿಟ್ಟೇ ನೋಡಬೇಕು. ಅಲ್ಲಿ ಇಎಸ್‌ಆರ್‌ಗಿಂತ ಮುಖ್ಯವಾದ ಪರೀಕ್ಷೆಗಳು ಪೊಟ್ಯಾಸಿಯಂ, ಫಾಸ್ಫೇಟ್ ಮತ್ತು ಇಸಿಜಿ.

ಫಾಸ್ಫೇಟ್ ಏಕೆಂದರೆ, ‘ನಾಲ್ಕು ದಿನ ಮುದ್ದೆ, ತುಪ್ಪ, ಕೋಳಿಸಾರು ಹೊಟ್ಟೆ ತುಂಬ ಬಡಿಸಿದರೆ ಸರಿಹೋಗ್ತಾಳೆ’ ಎನ್ನುವ ಪ್ರೀತಿಯ ಮಾತೂ ತಪ್ಪೇ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಊಟ ಬಿದ್ದರೆ ಇನ್ಸುಲಿನ್ ಏರಿ, ರಕ್ತದ ಫಾಸ್ಫೇಟ್ ಜೀವಕೋಶಗಳೊಳಗೆ ಸರಿದು, ಹೃದಯದ ಲಯ ತಪ್ಪಬಹುದು. ಎರಡನೇ ಮಹಾಯುದ್ಧದಲ್ಲಿ ಸೆರೆಯಿಂದ ಬಿಡುಗಡೆಯಾದ ಹಸಿದ ಕೈದಿಗಳು ಊಟ ಸಿಕ್ಕ ಮೇಲೆ ಸತ್ತದ್ದನ್ನು ವೈದ್ಯರು ದಾಖಲಿಸಿದ್ದಾರೆ. ಊಟವನ್ನು ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು. ಜೊತೆಗೆ ಮನೆಯವರನ್ನೂ ಸೇರಿಸಿಕೊಂಡ ಮಾನಸಿಕ ಚಿಕಿತ್ಸೆ ಬೇಕು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿ 2014ರಲ್ಲೇ ಶುರುವಾಯಿತು. ಫೋನಿನಲ್ಲಾದರೆ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.