ಮಳೆಗಾಲದಲ್ಲಿ ಕೇಬಲ್ ಕಂದಕಗಳ ಸ್ಥಿರತೆ ಮತ್ತು ನೀರಿನ ನಿರ್ಗಮನ

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು 1905ನೆಯ ಇಸವಿಯಲ್ಲಿ ಬೆಳಗಿದ ಮೇಲೆ ಬಹುಕಾಲ ಕಂಬಗಳ ಮೇಲಿನ ತಂತಿಗಳೇ ಹೆಚ್ಚಾಗಿ ಮನೆಗಳಿಗೆ ವಿದ್ಯುತ್ತನ್ನು ಒಯ್ಯುತ್ತಿದ್ದುವು. ಈಚಿನ ವರ್ಷಗಳಲ್ಲಿ ಇವುಗಳನ್ನು ನೆಲದಡಿಯ ಕೇಬಲ್ಲುಗಳಾಗಿ ಮಾರ್ಪಡಿಸುವ ಕೆಲಸ ನಗರದಲ್ಲಿ ವ್ಯಾಪಕವಾಗಿ ನಡೆದಿದೆ. ಇದಕ್ಕಾಗಿ ರಸ್ತೆಯ ಅಂಚಿನಲ್ಲಿ ಅಗೆಯುವ ಕಂದಕ ನೋಡುವುದಕ್ಕೆ ಅಲ್ಪವಾದುದು. ಆದರೆ ಅದರೊಳಗೆ ಇಳಿದು ಬಗ್ಗಿ ಕೆಲಸಮಾಡುವವನ ಪ್ರಾಣ ಅದರ ಗೋಡೆಗಳನ್ನು ಅವಲಂಬಿಸಿದೆ. ಒಂದು ಘನ ಮೀಟರು ಒದ್ದೆಮಣ್ಣು ಎರಡು ಟನ್ನುಗಳ ಸಮೀಪ ತೂಗುತ್ತದೆಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ಸ್ಪಷ್ಟವಾಗುವುದು.

ಮೊದಲು ನೆಲದ ಸ್ವರೂಪವನ್ನು ನೋಡೋಣ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಎತ್ತರದ ಭಾಗಗಳಲ್ಲಿ ನೈಸ್ ಶಿಲೆ ಶಿಥಿಲವಾಗಿ ಉಂಟಾದ ಕೆಮ್ಮಣ್ಣಿದೆ. ಇಲ್ಲಿಯ ಇಳಿಜಾರುಗಳ ನೀರು ಬಹುಪಾಲು ವೃಷಭಾವತಿಯನ್ನು ಸೇರಿ, ಕೆಂಗೇರಿಯ ಕಡೆಗೆ ಹರಿದು, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಮುಟ್ಟುವುದು. ಕಣಿವೆಯ ತಳದಲ್ಲಿ ಮೆಕ್ಕಲುಮಣ್ಣೂ ಕೆರೆಯಂಗಳದ ಹೂಳೂ ಇದ್ದು, ಅಂತರ್ಜಲ ಮೇಲಕ್ಕೇ ಇರುತ್ತದೆ. ಆದಕಾರಣ ಎತ್ತರದಲ್ಲಿ ಮೇಲಿನಿಂದ ಬರುವ ನೀರು, ತಗ್ಗಿನಲ್ಲಿ ಕೆಳಗಿನಿಂದ ಒಸರುವ ನೀರು, ಹೀಗೆ ಸಮಸ್ಯೆ ಎರಡು ಬಗೆಯದು.

ಬೇಸಗೆಯಲ್ಲಿ ಕೆಮ್ಮಣ್ಣಿನ ಗೋಡೆ ಯಾವ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಕಣಗಳ ನಡುವಣ ಅಲ್ಪ ತೇವ ತನ್ನ ಮೇಲ್ಮೈ ಎಳೆತದಿಂದ ಅವುಗಳನ್ನು ಒಂದಕ್ಕೊಂದು ಸೆಳೆದು ಹಿಡಿದಿರುವುದೇ ಇದಕ್ಕೆ ಮುಖ್ಯ ಕಾರಣ. ಮಳೆಯ ನೀರು ರಂಧ್ರಗಳನ್ನು ತುಂಬಿದೊಡನೆ ಈ ಸೆಳೆತ ಇಲ್ಲವಾಗುತ್ತದೆ. ಮಣ್ಣಿನ ತೂಕವಾದರೋ ಹೆಚ್ಚುತ್ತದೆ. ಅಂಟುಬಲವೊಂದನ್ನೇ ಗಣಿಸಿದರೆ, ಗೋಡೆ ತಾನಾಗಿ ನಿಲ್ಲಬಲ್ಲ ಎತ್ತರವು ಅಂಟುಬಲದ ನಾಲ್ಕರಷ್ಟನ್ನು ಮಣ್ಣಿನ ಘನಮಾನ ತೂಕದಿಂದ ಭಾಗಿಸಿದಷ್ಟು. ಉದಾಹರಣೆಗೆ, ಅಂಟುಬಲ ಚದರ ಮೀಟರಿಗೆ 1,000 ಕಿಲೋಗ್ರಾಂ, ತೂಕ ಘನ ಮೀಟರಿಗೆ 1,800 ಕಿಲೋಗ್ರಾಂ ಇದ್ದರೆ ಆ ಎತ್ತರ ಸುಮಾರು 2.2 ಮೀಟರು. ನೆನೆದು ಅಂಟುಬಲ 400ಕ್ಕೆ ಇಳಿದರೆ, ತೂಕದ ಹೆಚ್ಚಳವನ್ನು ಬಿಟ್ಟರೂ, ಎತ್ತರ 0.9 ಮೀಟರು ಮಾತ್ರ. ಅಗೆದ ಮಣ್ಣನ್ನು ಅರ್ಧ ಮೀಟರು ಎತ್ತರಕ್ಕೆ ಅಂಚಿನಲ್ಲೇ ರಾಶಿಹಾಕಿದರೆ ಇದರಲ್ಲಿ ಇನ್ನೂ ಸುಮಾರು 0.4 ಮೀಟರು ಕಳೆಯುತ್ತದೆ. 1983ರ ಭಾರತೀಯ ಮಾನಕ 1255ರಂತೆ 11 ಕಿಲೋವೋಲ್ಟಿನ ಕೇಬಲ್ಲಿಗೆ ಬೇಕಾದ ಆಳ 0.9 ಮೀಟರು. ಬೇಸಗೆಯಲ್ಲಿ ನಿರಪಾಯವೆನಿಸಿದ ಕಂದಕವೇ ಒಂದು ರಾತ್ರಿಯ ಮಳೆಯ ಅನಂತರ ಕುಸಿಯುವುದೇಕೆಂಬುದು ಇದರಿಂದ ತಿಳಿಯುವುದು. ನೀರಿನ ಕೊಳವೆಗಾಗಲಿ ಒಳಚರಂಡಿಗಾಗಲಿ ಹಿಂದೆ ಅಗೆದು ಮುಚ್ಚಿದ ನೆಲವಾದರೆ ಅಪಾಯ ಮತ್ತೂ ಹೆಚ್ಚು.

ಪರಿಹಾರಗಳು ಈ ಕಾರಣಗಳನ್ನೇ ಅನುಸರಿಸುತ್ತವೆ. ಆ ದಿನ ಕೇಬಲ್ ಹಾಕಿ ಮುಚ್ಚಬಹುದಾದಷ್ಟು ಉದ್ದವನ್ನು ಮಾತ್ರ ಅಗೆಯುವುದು ಸರ್ವೋತ್ತಮ. ಮೇಲ್ಭಾಗದ ಅಂಚಿನಲ್ಲಿ ಚಿಕ್ಕ ಬದುವನ್ನು ಹಾಕಿ ರಸ್ತೆಯ ನೀರನ್ನು ಬೇರೆಡೆಗೆ ತಿರುಗಿಸಬೇಕು. ಮಣ್ಣಿನ ರಾಶಿಯನ್ನು ಅಂಚಿನಿಂದ ದೂರವಿಡಬೇಕು. ಕೇಬಲ್ಲುಗಳನ್ನು ಜೋಡಿಸುವ ಗುಂಡಿಗಳೂ ಚರಂಡಿಯಡಿಯ ದಾಟುಗಳೂ ಹೆಚ್ಚು ಆಳವಾಗಿರುವುದರಿಂದ ಅಲ್ಲಿ ಹಲಗೆ ಮತ್ತು ಅಡ್ಡಮರಗಳ ಆಸರೆ ಅನಿವಾರ್ಯ. ಮಳೆ ನಿಂತ ಮೇಲೆ ಅಂಚಿಗೆ ಸಮಾನಾಂತರವಾದ ಬಿರುಕುಗಳಿವೆಯೇ ಎಂದು ಪರೀಕ್ಷಿಸದೆ ಯಾರೂ ಇಳಿಯಬಾರದು.

ಒಳಗೆ ಸೇರಿದ ನೀರಿಗಾಗಿ ಕಂದಕದ ತಳಕ್ಕೆ ಅಲ್ಪ ಇಳುಕಲನ್ನು ಕೊಟ್ಟು, ತಗ್ಗಿನ ಕೊನೆಯಲ್ಲಿ ಜಲ್ಲಿ ತುಂಬಿದ ಗುಂಡಿಯಿಂದ ಪಂಪಿನ ಮೂಲಕ ಹೊರತೆಗೆಯಬೇಕು. ಹೊರಬರುವ ನೀರು ಕೆಸರಾಗಿದ್ದರೆ ಗೋಡೆಯ ಬುಡದ ಸಣ್ಣ ಕಣಗಳೇ ಹೊರಟುಹೋಗುತ್ತಿವೆ ಎಂದು ಭಾವಿಸಿ ಪಂಪಿನ ವೇಗವನ್ನು ತಗ್ಗಿಸುವುದು ಯುಕ್ತ.

ಮುಚ್ಚಿದ ಮೇಲೆಯೂ ಎಚ್ಚರ ಬೇಕು. ಇಳಿಜಾರಿನಲ್ಲಿ ಕೇಬಲ್ಲಿನ ಸುತ್ತಲ ಮರಳಿನ ಹಾಸು ತಾನೇ ಗುಪ್ತ ಕಾಲುವೆಯಾಗಿ ಮಣ್ಣನ್ನು ಕೊಚ್ಚಿಕೊಂಡುಹೋಗುತ್ತದೆ. ರಸ್ತೆ ಕುಸಿಯುವುದಕ್ಕೆ ಇದೂ ಒಂದು ಕಾರಣ. ಅಲ್ಲಲ್ಲಿ ಜೇಡಿಮಣ್ಣಿನ ಅಡ್ಡಗಟ್ಟೆಗಳನ್ನಿಟ್ಟು, ಮಣ್ಣನ್ನು ತೆಳು ಪದರಗಳಲ್ಲಿ ದಮ್ಮಸುಮಾಡಿದರೆ ಇದನ್ನು ತಡೆಯಬಹುದು. ಆದರೆ ತೇವವನ್ನೆಲ್ಲ ನೀಗಿಸುವುದು ನಮ್ಮ ಗುರಿಯಲ್ಲ. ಒಣಮಣ್ಣು ಉಷ್ಣವನ್ನು ಚೆನ್ನಾಗಿ ಒಯ್ಯುವುದಿಲ್ಲವಾದ್ದರಿಂದ, ಕೇಬಲ್ ತಂಪಾಗಿರಲು ಸುತ್ತಲ ಮಣ್ಣಿನಲ್ಲಿ ಹದವಾದ ತೇವ ಉಳಿಯುವುದು ಒಳ್ಳೆಯದು. ನಾವು ತಡೆಯಬೇಕಾದುದು ನಿಂತ ನೀರನ್ನೂ ಹರಿಯುವ ನೀರನ್ನೂ ಮಾತ್ರ.