ಭಂಗಾರದಲ್ಲಿ ಬಂಗಾರ ಹುಡುಕುವವರಿಗೆ

ಮರಾಠಿಯಲ್ಲಿ ಭಂಗಾರ ಅಂದರೆ ಮೋಡಕಾ ಸಾಮಾನು. ಕನ್ನಡದಲ್ಲಿ ಬಂಗಾರ ಅಂದರೆ ಚಿನ್ನ. ಜತ್ತ ತಾಲೂಕಿನ ಜನರಿಗೆ ಎರಡೂ ಮಾತು ಬರುತ್ತವೆ, ಎರಡರ ಅಂತರವೂ ಗೊತ್ತು. ಆದರೆ ಹಳೇ ಪಿಕಪ್ ಗಾಡಿ ಕಣ್ಣಿಗೆ ಬಿದ್ದಾಗ ಮಾತ್ರ ಈ ಅಂತರ ಮರೆತುಹೋಗುತ್ತದೆ.

ಸಂಖ, ಉಮದಿ, ಮಾಡಗ್ಯಾಳದ ಕಡೆಯ ವಸ್ತಿಗಳಲ್ಲಿ ಇಂಥ ಗಾಡಿ ಹುಡುಕುವವರಿಗೆ ಅದು ಸಿಗುವುದು ಶೋರೂಮಿನಲ್ಲಲ್ಲ, ಹಿತ್ತಲಿನ ಬೇವಿನ ಗಿಡದ ಬುಡಕ್ಕೆ. ಗಾಲಿ ಅರ್ಧ ಮಣ್ಣಿನಲ್ಲಿ, ಸೀಟಿನ ಮೇಲೆ ಕೋಳಿ. ಒಂದು ಕಾಲಕ್ಕೆ ಕುರಿ, ಹುಲ್ಲು, ದ್ರಾಕ್ಷಿ ಬುಟ್ಟಿ ಹೇರಿಕೊಂಡು ಸಂತೆಗೆ ಓಡಿದ ಗಾಡಿ. ಅದನ್ನು ಮತ್ತೆ ಎಬ್ಬಿಸಬೇಕೆಂಬ ಹವ್ಯಾಸ ಈಗ ಎರಡೂ ರಾಜ್ಯದ ಹುಡುಗರಿಗೆ ಹತ್ತಿದೆ. ಹವ್ಯಾಸ ಒಳ್ಳೆಯದೇ. ಆದರೆ ರೊಕ್ಕ ಮುಳುಗುವ ಜಾಗ ಎಂಜಿನ್ನಿನಲ್ಲಿ ಇಲ್ಲ, ಕಾಗದದಲ್ಲಿದೆ. ಅದನ್ನು ಹೇಳುವುದಕ್ಕೇ ಈ ಬರಹ.

ಯಾವ ಗಾಡಿಗಳು?

ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪು ತಯಾರಿಸಲು ಶುರು ಮಾಡಿದ್ದು 1947ರಲ್ಲಿ, ಮುಂಬೈಯಲ್ಲಿ. 1965ರಲ್ಲಿ ಅದು ಹಗುರ ಸರಕು ವಾಹನಗಳಿಗೆ ಕೈಹಾಕಿತು. ಎಂಜಿನ್ನಿನ ಮೇಲೆಯೇ ಕ್ಯಾಬಿನ್ ಕೂಡಿಸಿದ, ಮೂಗಿಲ್ಲದ ಮುಖದ ಎಫ್‌ಸಿ ಮಾದರಿಯ ಪಿಕಪ್ಪನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಪುಣೆಯ ಬಜಾಜ್ ಟೆಂಪೋದವರ ಮ್ಯಾಟಡೋರ್ 1969ರಲ್ಲಿ ಬಂತು. ಆ ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟರ್ಸ್ ಎಂದಾಯಿತು. ಆದರೂ ಹಳ್ಳಿಯ ಬಾಯಲ್ಲಿ ಟೆಂಪೋ ಟೆಂಪೋ ಆಗಿಯೇ ಉಳಿಯಿತು. ಟಾಟಾದವರ ಮೊದಲ ಪಿಕಪ್ 'ಟಾಟಾ ಮೊಬೈಲ್' ಬಂದದ್ದು 1988ರಲ್ಲಿ. ಅದೇ ವಂಶದ 207 ನಮ್ಮ ಭಾಗದಲ್ಲಿ ದುಡಿದದ್ದು ಎಲ್ಲರೂ ಬಲ್ಲ ಮಾತು.

ಜೀಪಿನ ಕುಲದ ಗಾಡಿಗಳಿಗೆ ಒಂದು ಅನುಕೂಲವಿದೆ. ದಶಕಗಟ್ಟಲೆ ಅವುಗಳ ಮೂಲ ಕಟ್ಟಡ ಹೆಚ್ಚು ಬದಲಾಗಲಿಲ್ಲ. ಹೀಗಾಗಿ ಬಿಡಿಭಾಗ ಒಂದರದ್ದು ಇನ್ನೊಂದಕ್ಕೆ ಕೂಡುವುದುಂಟು. ಸಿಗದ ಬುಶ್, ಪಿನ್ನುಗಳನ್ನು ಕೊಲ್ಲಾಪುರದ ಉದ್ಯಮನಗರದಲ್ಲೋ ಬೆಳಗಾವಿಯಲ್ಲೋ ಲೇಥ್ ಮೇಲೆ ತಿರುವಿ ಮಾಡಿಕೊಡುವ ಕೈಗಳಿವೆ.

ಇನ್ನೊಂದು ಅನುಕೂಲ ನಮ್ಮ ಬರ. ಕೊಂಕಣದ ಉಪ್ಪುಗಾಳಿ, ಸುರಿವ ಮಳೆಗೆ ತಗಡು ಬೇಗ ತಿಂದುಹೋಗುತ್ತದೆ. ಜತ್ತದ ಒಣ ಹವೆಯಲ್ಲಿ ಹಾಗಲ್ಲ. ಮನುಷ್ಯನಿಗೆ, ಬೆಳೆಗೆ ಶಾಪವಾದ ಹವಾಮಾನ ಹಳೇ ಗಾಡಿಗೆ ವರವಾಗಿದೆ. ಆದರೂ ಚೆಸ್ಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಲೇಬೇಕು. ಗಟ್ಟಿ ನಾದ ಬಂದರೆ ಸರಿ, ಬೊದ್ದು ಸದ್ದು ಬಂದರೆ ಒಳಗೆ ತುಕ್ಕು.

ಮೊದಲು ಸಾತಬಾರಾ, ಆಮೇಲೆ ಹೊಲ

ಹೊಲ ಕೊಳ್ಳುವಾಗ ಆ ಕಡೆ ಸಾತಬಾರಾ, ಈ ಕಡೆ ಪಹಣಿ ನೋಡದೆ ಯಾರೂ ಇಸಾರ ಕೊಡುವುದಿಲ್ಲ. ಗಾಡಿ ಕೊಳ್ಳುವಾಗ ಮಾತ್ರ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

"ಕಾಗದಾ ಎಲ್ಲಿ ಅದಾವ್ರಿ ಕಾಕಾ?"

"ಅಪ್ಪನ ಹೆಸರಿನ್ಯಾಗ ಅದಾವು. ಅಂವಾ ಹೋಗಿ ಹತ್ತ ವರ್ಷ ಆತು. ಗಾಡಿ ನೋಡೋ ತಮ್ಮಾ, ಕಾಗದಾ ಏನ್ ನೋಡ್ತಿ!"

ಇಲ್ಲೇ ಎಚ್ಚರ ಬೇಕು. ಮಾಲೀಕ ತೀರಿಕೊಂಡಿದ್ದರೆ ಗಾಡಿ ಮೊದಲು ವಾರಸದಾರನ ಹೆಸರಿಗೆ ಬರಬೇಕು. ಅದಕ್ಕೆ ಫಾರ್ಮ್ 31. ಕಾನೂನಿನಂತೆ ಈ ಅರ್ಜಿ ಮರಣದ ಮೂರು ತಿಂಗಳೊಳಗೆ ಕೊಡಬೇಕಾದದ್ದು. ತಡವಾಗಿದ್ದರೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬೇಕು. ಅಣ್ಣತಮ್ಮಂದಿರಿದ್ದರೆ ಎಲ್ಲರ ಒಪ್ಪಿಗೆ ಬರೆಸಿಕೊಳ್ಳುವುದು ಲೇಸು. ರಿಪೇರಿಯಾಗಿ ಗಾಡಿ ಹೊಳೆಯತೊಡಗಿದ ಮೇಲೆ 'ನಮ್ಮಪ್ಪನ ಗಾಡಿ' ಎನ್ನುವವರು ಹೆಚ್ಚುತ್ತಾರೆ.

ಮಾಲೀಕ ಜೀವಂತವಿದ್ದರೆ ಫಾರ್ಮ್ 29 ಮತ್ತು 30. ಹಿಂದೆಂದೋ ಸಾಲ ಮಾಡಿ ತಂದ ಗಾಡಿಯಾಗಿದ್ದರೆ ಸಾಲ ತೀರಿದ ಬಗ್ಗೆ ಫಾರ್ಮ್ 35. ಇದೆಲ್ಲ ರಾಜ್ಯದೊಳಗಿನ ಮಾತು. ಸಾಂಗ್ಲಿಯ ಎಂಎಚ್ 10 ಪಾಸಿಂಗ್ ಗಾಡಿಯನ್ನು ವಿಜಯಪುರದವರು ಕೊಂಡು ಕೆಎ 28 ಮಾಡಿಸಬೇಕಾದರೆ ಸಾಂಗ್ಲಿ ಆರ್‌ಟಿಓದಿಂದ ಎನ್‌ಓಸಿ ಬೇಕು. ಮರಾಠಿಯವರು 'ನಾ ಹರಕತ್' ಎನ್ನುವುದು ಇದಕ್ಕೇ. ಅದರ ಅರ್ಜಿ ಫಾರ್ಮ್ 28. ಅದು ಕೈಗೆ ಬಂದ ಮೇಲೆ ಇಲ್ಲಿ ಹೊಸ ನಂಬರಿಗೆ ಫಾರ್ಮ್ 27, ಜೊತೆಗೆ ಕರ್ನಾಟಕದ ರಸ್ತೆ ತೆರಿಗೆ. ಮಾರಿದವನು ವರ್ಗಾವಣೆಯನ್ನು ತಿಳಿಸಲು ರಾಜ್ಯದೊಳಗಾದರೆ 14 ದಿನ, ಹೊರರಾಜ್ಯಕ್ಕಾದರೆ 45 ದಿನದ ಗಡುವಿದೆ.

ಎನ್‌ಓಸಿ ಸಿಗದೆ ನಿಲ್ಲುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ತೆರಿಗೆ ಬಾಕಿ. ಗಾಡಿ ಓಡಿಸುವುದಿಲ್ಲ ಎಂದು ಮೊದಲೇ ಬರೆದು ತಿಳಿಸದಿದ್ದರೆ, ಗಿಡದ ಬುಡಕ್ಕೆ ನಿಂತ ವರ್ಷಗಳ ತೆರಿಗೆಯೂ ಏರುತ್ತ ಹೋಗಬಹುದು. ಎರಡು, ಹಳೇ ಆರ್‌ಸಿ ಪುಸ್ತಕದ ವಿವರ ಕಂಪ್ಯೂಟರಿಗೆ ಏರಿರುವುದೇ ಇಲ್ಲ. 1989ಕ್ಕಿಂತ ಮುಂಚಿನ ಹಳೇ ಮಾದರಿಯ ನಂಬರಿನ ಗಾಡಿಗಳಿಗಂತೂ ಇದು ಸಾಮಾನ್ಯ. ಮೊದಲು ಆ ದಾಖಲೆ ಏರಿಸಿದರೇ ಮುಂದಿನ ಕೆಲಸ. ಇವೆರಡೂ ಮಾರುವವನ ಹೊಣೆ ಎಂದು ವ್ಯವಹಾರದ ಮಾತಿನಲ್ಲೇ ಖಚಿತ ಮಾಡಿಕೊಳ್ಳಿ.

ಚೆಸ್ಸಿ ನಂಬರು ತುಕ್ಕಿನಲ್ಲಿ ಮುಚ್ಚಿದ್ದರೆ ಸೀಮೆಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿ ಓದಿ. ಗ್ರೈಂಡರ್ ಮಾತ್ರ ಹಚ್ಚಬೇಡಿ. ನಂಬರು ಅಳಿಸಿದರೆ ಗಾಡಿಯೇ ಅಳಿಸಿದಂತೆ.

ಎಂಜಿನ್ ಬದಲಿಸಿದ ಗಾಡಿ

ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಜೀಪಿಗೆ ಡೀಸೆಲ್ ಎಂಜಿನ್ ಕೂಡಿಸಿದವರು ಬಹಳ ಮಂದಿ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಇದ್ದರೆ ಆ ಬದಲಾವಣೆಗೆ ಅನುಮತಿ ಆಗಿದೆಯೇ ಕೇಳಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ತಿದ್ದುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

'ಐವತ್ತು ವರ್ಷ ದಾಟೇತಿ, ವಿಂಟೇಜ್ ಮಾಡಸ್ತೀನಿ' ಎನ್ನುವವರೂ ಇದ್ದಾರೆ. 2021ರ ಜುಲೈನಲ್ಲಿ ಕೇಂದ್ರ ತಂದ ವಿಂಟೇಜ್ ನಿಯಮದಂತೆ ಹೊಸ ನೋಂದಣಿಗೆ 20,000 ರೂ., 10 ವರ್ಷದ ಅವಧಿ, ನಂಬರಿನಲ್ಲಿ 'ವಿಎ' ಎಂಬ ಗುರುತು. ಆದರೆ ಅದು ಮೂಲ ರೂಪದಲ್ಲಿರುವ, ಸ್ವಂತ ಬಳಕೆಯ ವಾಹನಗಳಿಗೆ. ಸರಕಿನ ಪಾಸಿಂಗ್ ಇದ್ದ ಪಿಕಪ್ ಅದರಲ್ಲಿ ಕೂಡುವುದು ಕಷ್ಟ. ಕೂಡಿದರೂ ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಗೆ ಅಷ್ಟೇ. ಸಂತೆಗೆ ಒಯ್ಯುವ ಆಸೆ ಇದ್ದರೆ ಸರಕು ವಾಹನವಾಗಿಯೇ ಇಟ್ಟು ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸುವುದೇ ದಾರಿ.

ಮಿಸ್ತ್ರಿಯ ಕೈಗೆ

ಕಾಗದ ಸರಿಯಾದ ಮೇಲೆ ಗ್ಯಾರೇಜು. ಹೊಸಬರು ಮಾಡುವ ತಪ್ಪು ಮೊದಲು ಪೇಂಟ್ ಹೊಡೆಸುವುದು. ಕ್ರಮ ಬೇರೆ: ಮೊದಲು ಬ್ರೇಕು, ಸ್ಟೀರಿಂಗ್, ಟೈರು. ಆಮೇಲೆ ಎಂಜಿನ್, ವೈರಿಂಗ್. ಬಣ್ಣ ಎಲ್ಲದರ ಕಡೆಗೆ. ಗಾಡಿ ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಯಬೇಕು.

ಜಾಮ್ ಆದ ಎಂಜಿನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯಬೇಡಿ, ರಿಂಗು ಮುರಿಯುತ್ತವೆ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ತೆಳು ಎಣ್ಣೆ ಬಿಟ್ಟು ಕೆಲವು ದಿನ ತಡೆದು, ಕೈಯಿಂದ ಹಿಂದೆ ಮುಂದೆ ಅಲುಗಿಸಿ ನೋಡಿ. ಹಳೇ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಖಾಲಿ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಬೇಡವೇ ಬೇಡ. ಒಳಗೆ ಉಳಿದ ಆವಿಯೇ ಸಿಡಿಯುತ್ತದೆ.

ಸಣ್ಣ ಭಾಗಗಳ ತುಕ್ಕಿಗೆ ಕಬ್ಬಿನ ನಾಡಿನ ಉಪಾಯ ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ನೆನೆಹಾಕಿದರೆ ತುಕ್ಕು ಬಿಡುತ್ತದೆ. ಅಲ್ಯುಮಿನಿಯಂ ಭಾಗ ಮಾತ್ರ ಹಾಕಬಾರದು. ಕಾಕಂಬಿಯ ದಾಸ್ತಾನಿಗೆ ಅಬಕಾರಿ ಕಾನೂನಿದೆ, ಬೇಕಾದಷ್ಟೇ ತನ್ನಿ.

ಖರ್ಚಿನ ಲೆಕ್ಕವನ್ನು ಕೊಂಡ ಬೆಲೆಯ ಮೇಲೆ ಹಾಕಬೇಡಿ. ಅಗ್ಗದ ಮಾಲು ಮುಗ್ಗಲ ಜೋಳ ಎಂಬ ಮಾತು ಜೋಳದ ಸೀಮೆಯವರಿಗೆ ಹೊಸದಲ್ಲ. ಲಾಭದ ಆಸೆಯಿದ್ದವರು ಈ ಕೆಲಸಕ್ಕೆ ಇಳಿಯದಿರುವುದೇ ಒಳಿತು. ತಂದೆ ದುಡಿದ ಗಾಡಿಯಲ್ಲಿ ಮಕ್ಕಳನ್ನು ಮುಂದೆ ಕೂಡಿಸಿಕೊಂಡು ಒಮ್ಮೆ ಗುಡ್ಡಾಪುರದ ದಾನಮ್ಮನ ಗುಡಿಗೆ ಹೋಗಿಬರಬೇಕು ಎನ್ನುವವರು ಇಳಿಯಬೇಕು.

ಅಂಥವರು ಬೇವಿನ ಗಿಡದ ಬುಡಕ್ಕೆ ನಿಂತು ಹೇಳಬೇಕಾದ ಮಾತು ಒಂದೇ: "ಕಾಕಾ, ಗಾಡಿ ಪಸಂದ ಆತ್ರಿ. ಮೊದಲ ನಿಮ್ಮ ಹೆಸರಿಗಿ ವಾರಸಾ ಮಾಡಸ್ರಿ, ಅವತ್ತ ರೊಕ್ಕಾ ತರ್ತೀನಿ."