ಪ್ರಶಸ್ತಿಯ ಪಂಕ್ತಿಯಲ್ಲಿ ಹಾಲಿಲ್ಲದ ಊಟ

ಪ್ರತಿವರ್ಷವೂ ಜನವರಿಯಿಂದ ಮಾರ್ಚಿಯವರೆಗಿನ ದಿನಗಳು ಚಲಚ್ಚಿತ್ರಪ್ರಿಯರಿಗೆ ಸುಗ್ಗಿಯ ದಿನಗಳು. ಅಮೇರಿಕದಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳಿಂದ ಮೊದಲ್ಗೊಂಡು ಆಸ್ಕರ್ ಪ್ರಶಸ್ತಿಗಳವರೆಗೆ ಒಂದರ ಹಿಂದೊಂದರಂತೆ ಸಮಾರಂಭಗಳು ಜರಗುತ್ತವೆ. ಯಾವ ಚಿತ್ರ ಗೆದ್ದಿತು, ಯಾವ ನಟ ಸೋತನು ಎಂಬ ವಾರ್ತೆಗಳು ಮುಂಬಯಿಯ ಲೋಕಲ್ ಗಾಡಿಗಳಲ್ಲಿಯೂ ಚರ್ಚೆಗೆ ಬರುತ್ತವೆ. ಆದರೆ ಅಲ್ಲಿ ನೆರೆದವರು ಏನು ಉಂಡರು ಎಂದು ವಿಚಾರಿಸುವವರು ವಿರಳ. ಬೇಯಿಸಿ ಬಡಿಸಿ ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮ್ಮ ಜನರಿಗಾದರೂ ಆ ಪ್ರಶ್ನೆ ಹೊಳೆಯಬೇಕು. ಏಕೆಂದರೆ ಆಸ್ಕರ್ ಪ್ರಶಸ್ತಿ ಹುಟ್ಟಿದ್ದು ಚಿತ್ರಮಂದಿರದಲ್ಲಲ್ಲ. ಹೋಟೆಲೊಂದರ ಊಟದ ಮೇಜಿನಲ್ಲಿ.

1929ರ ಮೇ 16ರಂದು ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನಲ್ಲಿ ಮೊದಲನೆಯ ಆಸ್ಕರ್ ಪ್ರದಾನ ನಡೆಯಿತು. ಅದು ಸುಮಾರು 270 ಮಂದಿಯ ಔತಣಕೂಟ. ಟಿಕೇಟಿನ ಬೆಲೆ 5 ಡಾಲರ್. ಎಲೆಯ ಮೇಲಿದ್ದುದು ಮೀನು ಮತ್ತು ಕೋಳಿ. ಪ್ರಶಸ್ತಿಗಳನ್ನು ಹಂಚಲು ಸುಮಾರು 15 ನಿಮಿಷಗಳು ಸಾಕಾದವು. 1943ರವರೆಗೂ ಈ ಔತಣದ ಪದ್ಧತಿ ನಡೆದುಬಂದಿತು. 1944ರಲ್ಲಿ ಸಮಾರಂಭವು ಚಿತ್ರಮಂದಿರಕ್ಕೆ ಸ್ಥಳಾಂತರಗೊಂಡಿತು. ಅದೇ ವರ್ಷ ಆರಂಭವಾದ ಗೋಲ್ಡನ್ ಗ್ಲೋಬ್ ಮಾತ್ರ ಮುಂದೆ ಊಟದ ಮೇಜನ್ನೇ ತನ್ನ ಗುರುತಾಗಿ ಮಾಡಿಕೊಂಡಿತು. 1961ರಿಂದ ಅದು ಬೆವರ್ಲಿ ಹಿಲ್ಟನ್ ಹೋಟೆಲಿನಲ್ಲಿ ನಡೆಯುತ್ತ ಬಂದಿದೆ.

ಆ 1944ರಲ್ಲಿಯೇ, ನವೆಂಬರ್ ತಿಂಗಳಲ್ಲಿ, ಯುದ್ಧದ ನಡುವೆ ಬಳಲುತ್ತಿದ್ದ ಇಂಗ್ಲೆಂಡಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಉಪಾಧ್ಯಾಯರು ಕೆಲವೇ ಗೆಳೆಯರೊಡನೆ ಒಂದು ಸಂಘವನ್ನು ಕಟ್ಟಿದರು. ಮಾಂಸವನ್ನಷ್ಟೇ ಅಲ್ಲದೆ ಹಾಲು, ಬೆಣ್ಣೆ, ತುಪ್ಪ, ಮೊಟ್ಟೆ, ಜೇನುಗಳನ್ನೂ ತೊರೆದವರಿಗೆ ಒಂದು ಹೆಸರು ಬೇಕಾಗಿತ್ತು. 'ವೆಜಿಟೇರಿಯನ್' ಎಂಬ ಶಬ್ದದ ತಲೆಯನ್ನೂ ಬಾಲವನ್ನೂ ಕೂಡಿಸಿ ಅವರು 'ವೀಗನ್' ಎಂಬ ಪದವನ್ನು ಟಂಕಿಸಿದರು. ಬಾಲ್ಯದಲ್ಲಿ ಬಂಧುವೊಬ್ಬರ ಹೊಲಮನೆಯಲ್ಲಿ ಹಂದಿಯನ್ನು ಕೊಂದುದನ್ನು ಕಂಡದ್ದೇ ಅವರ ಮನಸ್ಸು ತಿರುಗಲು ಕಾರಣವಾಯಿತಂತೆ. 2005ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಈ ಎರಡು ಕಥೆಗಳು ಒಂದೇ ಮೇಜಿನಲ್ಲಿ ಸಂಧಿಸಿದ್ದು 2020ರ ಜನವರಿ 5ರಂದು. ಆಗ ಗೋಲ್ಡನ್ ಗ್ಲೋಬ್ ಪ್ರಶಸ್ತಿಗಳನ್ನು ನೀಡುತ್ತಿದ್ದ ಹಾಲಿವುಡ್ಡಿನ ವಿದೇಶೀ ಪತ್ರಕರ್ತರ ಸಂಘವು ಕೊನೆಯ ದಿನಗಳಲ್ಲಿ ಊಟದ ಪಟ್ಟಿಯನ್ನೇ ಬದಲಿಸಿತು. ಮೀನಿನ ಬದಲು ದಪ್ಪ ಅಣಬೆಯನ್ನು ಕಡಲಚಿಪ್ಪಿನ ಮಾಂಸದಂತೆ ಕೊಯ್ದು ಬೇಯಿಸಿದರು; ಮೊದಲಿಗೆ ಹಳದಿ ಬೀಟ್‌ರೂಟಿನ ಸಾರು ಬಂತು; ಸಿಹಿತಿಂಡಿಗೂ ಹಾಲು ಬೆಣ್ಣೆ ಸೋಕಲಿಲ್ಲ. ಸಾವಿರಕ್ಕೂ ಮಿಕ್ಕಿದ ಅತಿಥಿಗಳಿಗೆ ಆ ಹೋಟೆಲಿನ ಅಡಿಗೆಯವರು ಇದನ್ನು ಸಕಾಲದಲ್ಲಿ ಬಡಿಸಿದರು. ಕೊನೆಗಳಿಗೆಯಲ್ಲಿ ಪಟ್ಟಿ ಬದಲಾದರೆ ಅಡಿಗೆಮನೆಯ ಪಾಡೇನೆಂಬುದನ್ನು ನಮ್ಮ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಹವಾಮಾನದ ಕೆಡುಕನ್ನು ನೆನಪಿಸುವುದು ಸಂಘದ ಉದ್ದೇಶವಾಗಿತ್ತು. ಮನುಷ್ಯನಿಂದ ಉಂಟಾಗುವ, ಭೂಮಿಯನ್ನು ಕಾಯಿಸುವ ಅನಿಲಗಳಲ್ಲಿ ಶೇಕಡಾ 14.5ರಷ್ಟು ಪಶುಪಾಲನೆಯಿಂದಲೇ ಬರುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಅಂದಾಜು ಮಾಡಿತ್ತು.

ಆ ರಾತ್ರಿ 'ಜೋಕರ್' ಚಿತ್ರಕ್ಕಾಗಿ ಶ್ರೇಷ್ಠ ನಟನೆನಿಸಿದ ವಾಕೀನ್ ಫೀನಿಕ್ಸ್ ಊಟದ ವ್ಯವಸ್ಥೆಗಾಗಿ ಸಂಘಕ್ಕೆ ಕೃತಜ್ಞತೆ ಸಲ್ಲಿಸಿದನು. ಮೂರು ವರ್ಷದ ಮಗುವಾಗಿದ್ದಾಗ, ಹಿಡಿದ ಮೀನುಗಳನ್ನು ಕೊಲ್ಲುವುದನ್ನು ಕಂಡಂದಿನಿಂದ ಆತನು ಈ ನಿಯಮವನ್ನು ಪಾಲಿಸುತ್ತ ಬಂದವನು. ಆ ಋತುವಿನ ಸಮಾರಂಭಗಳಿಗೆಲ್ಲ ಒಂದೇ ಉಡುಪಿನಲ್ಲಿ ಹೋದನೆಂಬುದೂ ವಾರ್ತೆಯಾಯಿತು. ಫೆಬ್ರುವರಿ 9ರಂದು ಆಸ್ಕರ್ ಸ್ವೀಕರಿಸುತ್ತ ಆತನು ಆಡಿದ ಮಾತಿನ ಸಾರಾಂಶ ಇದು: ಹಸುವಿಗೆ ಕೃತಕವಾಗಿ ಗರ್ಭ ಕಟ್ಟಿಸುತ್ತೇವೆ, ಹುಟ್ಟಿದ ಕರುವನ್ನು ಅದರಿಂದ ಅಗಲಿಸುತ್ತೇವೆ, ಕರುವಿಗೆ ಸಲ್ಲಬೇಕಾದ ಹಾಲನ್ನು ನಮ್ಮ ಕಾಫಿಗೆ ಸುರಿದುಕೊಳ್ಳುತ್ತೇವೆ.

ಲಾಸ್ ಏಂಜಲೀಸಿನ ಆ ಭಾನುವಾರದ ರಾತ್ರಿಯು ಮುಂಬಯಿಗೆ ಸೋಮವಾರದ ಬೆಳಗು. ಅಲ್ಲಿ ಆ ಮಾತು ನುಡಿಯುತ್ತಿದ್ದಾಗ ಇಲ್ಲಿ ಉಡುಪಿ ಹೋಟೆಲುಗಳಲ್ಲಿ ಬೆಳಗಿನ ತಿಂಡಿಯ ಗದ್ದಲ. ಡಿಕಾಕ್ಷನ್ನಿಗೆ ನೊರೆಹಾಲು ಬೀಳುತ್ತಿದ್ದ ಹೊತ್ತು. ಹಾಗಾಗಿ ಆ ಮಾತು ದೂರದ ಮಾತಾದರೂ ನಮ್ಮ ಲೋಟವನ್ನು ಮುಟ್ಟದೆ ಹೋಗದು.

ಹಾಲನ್ನು ಕುರಿತು ನಮ್ಮವರು ಲಘುವಾಗಿ ಮಾತನಾಡಲಾರರು. ಊರಿನಲ್ಲಿ ತಾಯಿಯೋ ಅತ್ತಿಗೆಯೋ ಎರಡು ಹಸುಗಳನ್ನು ಸಾಕಿ, ಸೊಸೈಟಿಗೆ ಹಾಲು ಹಾಕಿ, ಆ ಹಣದಲ್ಲಿ ಮಕ್ಕಳ ಶಾಲೆಯ ಖರ್ಚು ತೂಗಿಸುವ ಮನೆಗಳು ಅನೇಕ. ಅಂಥವರ ಮುಂದೆ ಹಾಲು ಪಾಪವೆಂದು ಉಪದೇಶಿಸುವುದು ಸುಲಭವೂ ಅಲ್ಲ, ಯೋಗ್ಯವೂ ಅಲ್ಲ. ಆದರೆ ಹಟ್ಟಿಯ ಇನ್ನೊಂದು ಸತ್ಯವನ್ನೂ ಅವರೇ ಬಲ್ಲರು. ಟ್ರಾಕ್ಟರು, ಟಿಲ್ಲರುಗಳು ಗದ್ದೆಗಿಳಿದ ಮೇಲೆ ಉಳುಮೆಗೆ ಎತ್ತು ಬೇಡವಾಯಿತು. ಗಂಡುಕರು ಹುಟ್ಟಿದರೆ ಮನೆಯವರ ಮುಖ ಬಾಡತೊಡಗಿತು. ಆ ಕರುವಿನ ಗತಿಯೇನೆಂದು ಕೇಳುವುದಕ್ಕೆ ಹಾಲಿವುಡ್ಡಿನ ನಟನೇ ಬೇಕಾಗಿಲ್ಲ. ಎರಡೂ ಸತ್ಯಗಳನ್ನು ಎದುರಿಗಿಟ್ಟುಕೊಂಡು ಪ್ರತಿಯೊಬ್ಬನೂ ತನ್ನ ಮಟ್ಟಿಗೆ ತಾನು ತೀರ್ಮಾನಿಸಲಿ ಎಂಬುದೇ ನಮ್ಮ ನಿಲುವು.

ತೀರ್ಮಾನಿಸಿದವನಿಗೆ ಮಾರ್ಗವು ಕಠಿಣವಲ್ಲ. ಕರಾವಳಿಯ ಅಡಿಗೆಯಲ್ಲಿ ಅರ್ಧಕ್ಕರ್ಧ ಆ ದಾರಿಯಲ್ಲಿಯೇ ಇದೆ. ಇಡ್ಲಿ, ತೆಂಗಿನಕಾಯಿ ಚಟ್ನಿ, ಎಣ್ಣೆಯಲ್ಲಿ ಹೊಯ್ದ ದೋಸೆ, ಪತ್ರೊಡೆ, ಕೋಸಂಬರಿ, ಗೊಜ್ಜು, ಪಲ್ಯಗಳಿಗೆ ಹಾಲಿನ ಹಂಗಿಲ್ಲ. ಬೆಲ್ಲ ಹಾಕಿದ ಹೆಸರುಬೇಳೆ ಪಾಯಸಕ್ಕೆ ನಮ್ಮ ಅಜ್ಜಿಯಂದಿರು ಕಾಯಿಹಾಲನ್ನೇ ಹಿಂಡಿದರು. ತೊಡಕಾಗುವುದು ಕಾಫಿಯಲ್ಲಿ, ಮೊಸರನ್ನದಲ್ಲಿ, ಕೇಸರಿಬಾತಿನಲ್ಲಿ, ಪಾವ್‌ಭಾಜಿಯ ಬೆಣ್ಣೆಯಲ್ಲಿ. ಸೋಯಾ ಹಾಲು ಬಿಸಿ ಡಿಕಾಕ್ಷನ್ನಿನಲ್ಲಿ ಒಡೆಯುವುದುಂಟು. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ನನ್ನು ನಿಧಾನವಾಗಿ ಹೊಯ್ದರೆ ಒಡೆಯುವ ಸಂಭವ ಕಡಿಮೆ.

ಆದರೆ ದೇಹದ ಲೆಕ್ಕವನ್ನು ಮರೆಯಬಾರದು. ಬಿ-12 ಎಂಬ ಜೀವಸತ್ತ್ವವು ಸಸ್ಯಾಹಾರದಲ್ಲಿ ಭರವಸೆಯಿಡುವಷ್ಟು ದೊರೆಯದು. ಹಾಲು ಮೊಸರುಗಳೇ ನಮ್ಮಲ್ಲಿ ಅದರ ಮುಖ್ಯ ಆಧಾರ. ಅವನ್ನು ಬಿಟ್ಟವನು ಗುಳಿಗೆಯನ್ನೋ, ಬಿ-12 ಸೇರಿಸಿದ ಆಹಾರವನ್ನೋ ತಪ್ಪದೆ ಸೇವಿಸಬೇಕು. ಇಲ್ಲವಾದರೆ ರಕ್ತಹೀನತೆಯೂ ಕೈಕಾಲುಗಳ ಜೋಮೂ ಕಾಲಕ್ರಮದಲ್ಲಿ ಕಾಣಿಸಿಕೊಂಡಾವು. ಇದನ್ನು ವೈದ್ಯರಲ್ಲಿ ಕೇಳಿಯೇ ಮಾಡತಕ್ಕದ್ದು. ಸುಣ್ಣಾಂಶಕ್ಕೆ ಮಾತ್ರ ಚಿಂತೆಯಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣಾಂಶವಿದೆ, ಎಳ್ಳಿನಲ್ಲಿ ಇನ್ನೂ ಅಧಿಕ.

ಹೋಟೆಲಿನಲ್ಲಿ ದುಡಿಯುವ ಬಂಧುಗಳಲ್ಲಿ ಒಂದು ವಿಶೇಷ ಅರಿಕೆ. ಇಂದು ನಗರದಲ್ಲಿ ಈ ನಿಯಮದ ಗಿರಾಕಿಗಳು ಬರತೊಡಗಿದ್ದಾರೆ. 'ದೋಸೆಗೆ ತುಪ್ಪ ಹಾಕಿದ್ದೀರಾ?' ಎಂದು ಒಬ್ಬಾತ ಕೇಳಿದಾಗ, ಗಡಿಬಿಡಿಯಲ್ಲಿ 'ಇಲ್ಲ' ಎಂದುಬಿಡುವುದು ಮಾಣಿಗೆ ಸಣ್ಣ ಸಂಗತಿ. ಕೇಳಿದವನಿಗೆ ಅದು ವ್ರತಭಂಗ. ಹಾಲಿನ ಪದಾರ್ಥವು ದೇಹಕ್ಕೆ ಒಗ್ಗದವನು ಕೇಳಿದ್ದರಂತೂ ಅದು ಆರೋಗ್ಯದ ಪ್ರಶ್ನೆ. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಭಟ್ಟರನ್ನು ಕೇಳಿ ಬಂದು ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಸರಕಾರವೂ ಇದನ್ನು ಗಂಭೀರವಾಗಿ ಪರಿಗಣಿಸಿ, 2022ರಲ್ಲಿ ವೀಗನ್ ಆಹಾರಗಳಿಗೆ ಪ್ರತ್ಯೇಕ ನಿಯಮಗಳನ್ನೂ ಪೊಟ್ಟಣದ ಮೇಲೆ ಅಚ್ಚಿಸಲು ಹಸಿರು 'ವಿ' ಅಕ್ಷರದ ಗುರುತನ್ನೂ ಗೊತ್ತುಪಡಿಸಿದೆ. ಪೊಟ್ಟಣದ ಮೇಲೆ ಗುರುತು ನುಡಿಯುತ್ತದೆ. ಮೇಜಿನ ಮೇಲೆ ಬಡಿಸುವವನ ನಾಲಿಗೆಯೇ ಗುರುತು. ಉಡುಪಿ ಎಂಬ ಹೆಸರಿಗೆ ಪರಸ್ಥಳದಲ್ಲಿ ಮರ್ಯಾದೆ ಬಂದುದು ಆ ನಾಲಿಗೆಯ ಮೇಲಿನ ವಿಶ್ವಾಸದಿಂದಲೇ.

ಇನ್ನು ಚಿತ್ರಗಳ ಮಾತು. ನಿಯಮ ಹಿಡಿದವನಿಗೆ ಆನಂದವೇ ವರ್ಜ್ಯವೆಂದು ಭಾವಿಸಬೇಕಾಗಿಲ್ಲ. ಪ್ರಶಸ್ತಿಗಳ ಋತುವಿನಲ್ಲಿ ಪ್ರಾಣಿಗಳನ್ನು ಕುರಿತ ಎಷ್ಟೋ ಒಳ್ಳೆಯ ಚಿತ್ರಗಳು ಬೆಳಕಿಗೆ ಬಂದಿವೆ. 1995ರ 'ಬೇಬ್' ಒಂದು ಹಂದಿಮರಿಯ ಕಥೆ. ಅದು ಶ್ರೇಷ್ಠ ಚಿತ್ರವೂ ಸೇರಿದಂತೆ ಏಳು ಆಸ್ಕರ್‌ಗಳಿಗೆ ಸೂಚಿತವಾಯಿತು. ಅದರಲ್ಲಿ ರೈತನಾಗಿ ನಟಿಸಿದ ಜೇಮ್ಸ್ ಕ್ರಾಮ್‌ವೆಲ್ ಆ ಅನುಭವದಿಂದ ತಾನೇ ವೀಗನ್ ಆದನು. 2020ರಲ್ಲಿ 'ಪ್ಯಾರಾಸೈಟ್' ಚಿತ್ರದ ಮೂಲಕ ಆಸ್ಕರ್ ಗೆದ್ದ ಕೊರಿಯಾದ ಬಾಂಗ್ ಜೂನ್-ಹೋ, 2017ರಲ್ಲಿ 'ಓಕ್ಜಾ' ಎಂಬ ಚಿತ್ರದಲ್ಲಿ ಹುಡುಗಿಯೊಬ್ಬಳು ತಾನು ಸಾಕಿದ ಪ್ರಾಣಿಯನ್ನು ಕಸಾಯಿಖಾನೆಯಿಂದ ಬಿಡಿಸಲು ಹೋಗುವ ಸಾಹಸವನ್ನು ಹೇಳಿದ್ದಾನೆ. 2023ರಲ್ಲಿ ಆಸ್ಕರ್ ಪಡೆದ 'ದಿ ಎಲಿಫೆಂಟ್ ವಿಸ್ಪರರ್ಸ್' ಸಾಕ್ಷ್ಯಚಿತ್ರವಂತೂ ನಮ್ಮ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ಕಾಡಿನದು. ತಬ್ಬಲಿ ಆನೆಮರಿಗಳನ್ನು ಮಕ್ಕಳಂತೆ ಸಲಹಿದ ಬೊಮ್ಮನ್, ಬೆಳ್ಳಿ ದಂಪತಿಗಳ ಕಥೆ. ಭಾಷೆ ತಿಳಿಯದಿದ್ದರೂ ಹಟ್ಟಿಯಲ್ಲಿ ಕರುವನ್ನು ಎತ್ತಿ ಆಡಿಸಿದವನಿಗೆ ಈ ಚಿತ್ರಗಳು ಅರ್ಥವಾಗುತ್ತವೆ.

ವಾರದ ರಜೆಯಲ್ಲಿ ಕೋಣೆಯ ಗೆಳೆಯರೆಲ್ಲ ಕಲೆತು ಇವುಗಳಲ್ಲೊಂದನ್ನು ನೋಡಲಿ. ಚುರುಮುರಿಯನ್ನೂ ಕಾಯಿಹಾಲಿನ ಪಾಯಸವನ್ನೂ ಹಂಚಿಕೊಳ್ಳಲಿ. ಅವರಲ್ಲೊಬ್ಬನು ಹಾಲನ್ನು ಬಿಟ್ಟವನಾದರೆ ಉಳಿದವರು ಅವನನ್ನು ಹಾಸ್ಯ ಮಾಡದಿರಲಿ. ಅವನೂ ಉಳಿದವರ ಲೋಟದೊಳಗೆ ಇಣುಕದಿರಲಿ. ನಿಯಮ ಹಿಡಿಯುವವನು ಹಿಡಿಯಲಿ, ಅದರ ಭಾರವನ್ನು ಪಕ್ಕದವನ ಎಲೆಯ ಮೇಲೆ ಇಳಿಸದಿರಲಿ. ಆದರೆ ಕೇಳಿದವನಿಗೆ ಎಲೆಯಲ್ಲಿರುವುದನ್ನು ಇದ್ದಂತೆ ಹೇಳುವ ಹೊಣೆ ಬಡಿಸುವ ಕೈಯದು. ಅದರಲ್ಲಿ ನಮ್ಮವರು ಹಿಂದೆ ಬೀಳಬಾರದು.